ವೈಯಾವೃತ್ಯವೆಂಬ ತಪ: ಒಂದು ಮಗುವಿನ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ

ಮಗುವಿಗೆ ಹುಟ್ಟಿನಿಂದಲೇ ಬಂದ ದೊಡ್ಡ ಕಾಯಿಲೆ ಇದೆಯೆಂದು ತಿಳಿದ ಮನೆಗೆ ನೋಡಲು ಬಂದವರ ಬಾಯಿಯಿಂದ ಎರಡು ಮಾತುಗಳು ತಪ್ಪದೆ ಹೊರಡುತ್ತವೆ. ಮೊದಲನೆಯದು, ‘ಇದು ಯಾರ ಕಡೆಯಿಂದ ಬಂದದ್ದು, ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ?’ ಎಂಬ ಪ್ರಶ್ನೆ. ಎರಡನೆಯದು, ‘ಏನು ಮಾಡುವುದು, ಪೂರ್ವಕರ್ಮ, ಅನುಭವಿಸಿಯೇ ತೀರಬೇಕು’ ಎಂಬ ಸಮಾಧಾನ. ಆಡಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆ ಮಾತುಗಳು ಮಾತ್ರ ತಾಯಿಯ ಎದೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಎರಡು ಮಾತುಗಳಲ್ಲಿಯೂ ಸತ್ಯಾಂಶವಿಲ್ಲವೆಂದಲ್ಲ. ಕೆಲವು ರೋಗಗಳು ವಂಶವಾಹಿಯ ಮೂಲಕ ತಂದೆತಾಯಿಯರಿಂದ ಮಕ್ಕಳಿಗೆ ಬರುತ್ತವೆಯೆಂಬುದು ವೈದ್ಯರು ಕಂಡುಕೊಂಡ ಸತ್ಯ. ಜೀವನು ಪಡುವ ಶಾರೀರಿಕ ವೇದನೆಗೆ ಅಸಾತಾವೇದನೀಯ ಕರ್ಮದ ಉದಯ ಕಾರಣವೆಂಬುದು ಜಿನಾಗಮದ ಉಪದೇಶ. ಆದರೆ ಅದೇ ಆಗಮ ಇನ್ನೊಂದು ಮಾತನ್ನೂ ಹೇಳಿದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮವು ಜೀವನಿಗೆ ಹೇಗೆ ಅಂಟುತ್ತದೆಂಬುದನ್ನು ಪಟ್ಟಿಮಾಡುತ್ತಾರೆ. ದುಃಖ, ಶೋಕ, ಪರಿತಾಪ, ಗೋಳಾಟ ಇವುಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ ಆ ಕರ್ಮ ಬಂಧಿಸುತ್ತದೆ. ನೊಂದ ತಾಯಿಯ ಮುಂದೆ ಕುಳಿತು ಕರ್ಮಸಿದ್ಧಾಂತದ ಹೆಸರಿನಲ್ಲಿ ಆಕೆಯನ್ನು ಅಳಿಸುವವನು ತಾನೇ ಆ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಪ್ರಾಣಿಗಳಲ್ಲಿ ಅನುಕಂಪೆ, ದಾನ, ಕ್ಷಮೆ ಇವು ಸಾತಾವೇದನೀಯಕ್ಕೆ ಕಾರಣವೆಂದು ಮುಂದಿನ ಸೂತ್ರ ತಿಳಿಸುತ್ತದೆ. ರೋಗಿಯ ಮನೆಗೆ ಹೋಗುವ ಶ್ರಾವಕನು ಇವೆರಡು ಸೂತ್ರಗಳನ್ನೂ ನೆನಪಿನಲ್ಲಿಟ್ಟುಕೊಂಡು ಹೊಸಿಲು ದಾಟಬೇಕು.

ಈ ತತ್ತ್ವವನ್ನು ಬದುಕಿನಲ್ಲಿ ಇಟ್ಟು ನೋಡಲು ದೂರದೇಶದ ಒಂದು ಸಂಸಾರದ ಕಥೆ ನೆರವಾಗುತ್ತದೆ. ಅವರು ಜೈನರಲ್ಲ. ಆದರೆ ಮಗುವಿನ ರೋಗದ ಎದುರು ಅವರು ನಿಂತ ರೀತಿಯಲ್ಲಿ ಪರೀಷಹಜಯ, ಸ್ವಾಧ್ಯಾಯ, ವೈಯಾವೃತ್ಯ ಎಂಬ ಮೂರು ಮಾತುಗಳ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ಮೂರು ಭಾಷೆ ಆಡುತ್ತಿದ್ದ ಬಾಲಕ

ಅಗುಸ್ಟೊ ಓಡೋನೆ ಇಟಲಿಯವರು, ವಿಶ್ವಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದರು. ಅವರ ಪತ್ನಿ ಮಿಕೇಲಾ ಅಮೆರಿಕದವರು, ಭಾಷಾಶಾಸ್ತ್ರವನ್ನು ಬಲ್ಲವರು. 1978ರ ಮೇ 29ರಂದು ಅವರಿಗೆ ಲೊರೆಂಜೊ ಹುಟ್ಟಿದನು. ತಂದೆಯ ಉದ್ಯೋಗದ ನಿಮಿತ್ತ ಸಂಸಾರವು ಹಿಂದೂ ಮಹಾಸಾಗರದ ಕೊಮೊರೋಸ್ ದ್ವೀಪಗಳಲ್ಲಿ ಕೆಲಕಾಲ ನೆಲಸಿತ್ತು. ಬಾಲಕನು ಇಂಗ್ಲಿಷ್, ಇಟಾಲಿಯನ್, ಫ್ರೆಂಚ್ ಮೂರನ್ನೂ ಸಲೀಸಾಗಿ ಆಡುತ್ತಿದ್ದನು. ಸಂಗೀತವೆಂದರೆ ಅವನಿಗೆ ಪ್ರಾಣ.

ವಾಷಿಂಗ್ಟನ್ನಿಗೆ ಮರಳಿದ ಮೇಲೆ ಶಾಲೆಯಿಂದ ದೂರುಗಳು ಬರತೊಡಗಿದವು. ಹುಡುಗ ಸಿಟ್ಟಾಗುತ್ತಾನೆ, ಗಮನ ಕೊಡುವುದಿಲ್ಲ, ಹೇಳಿದ್ದು ಕೇಳಿಸಿಕೊಳ್ಳುವುದಿಲ್ಲ ಎಂಬುದು ಮೊದಲ ದೂರು. ಬಳಿಕ ನಡೆಯುವಾಗ ಎಡವಿ ಬೀಳತೊಡಗಿದನು. ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದು 1984ರಲ್ಲಿ ರೋಗದ ಹೆಸರು ತಿಳಿಯಿತು: ಅಡ್ರಿನೋಲ್ಯುಕೋಡಿಸ್ಟ್ರೋಫಿ, ಸಂಕ್ಷೇಪವಾಗಿ ಎ.ಎಲ್.ಡಿ. ಆಗ ಲೊರೆಂಜೊಗೆ ಇನ್ನೂ ಆರು ತುಂಬಿರಲಿಲ್ಲ. ಮಾತು, ದೃಷ್ಟಿ, ಶ್ರವಣ, ನಡಿಗೆ ಒಂದೊಂದಾಗಿ ಹೋಗುವುದೆಂದೂ, ಎರಡು ವರ್ಷಕ್ಕಿಂತ ಹೆಚ್ಚು ಬದುಕುವ ಭರವಸೆ ಇಲ್ಲವೆಂದೂ, ಔಷಧವೇ ಇಲ್ಲವೆಂದೂ ವೈದ್ಯರು ತಿಳಿಸಿದರು.

ರೋಗದ ಬಗೆ ಹೀಗಿದೆ. ದೇಹದಲ್ಲಿ ಅತಿ ಉದ್ದದ ಸರಪಳಿಯ ಕೆಲವು ಕೊಬ್ಬಿನ ಆಮ್ಲಗಳಿರುತ್ತವೆ. ಆರೋಗ್ಯವಂತರಲ್ಲಿ ಜೀವಕೋಶಗಳು ಅವುಗಳನ್ನು ಒಡೆದು ಹಾಕುತ್ತವೆ. ಎ.ಎಲ್.ಡಿ. ಇರುವವರಲ್ಲಿ ಎಕ್ಸ್ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯ ದೋಷದಿಂದ ಈ ಕೆಲಸ ನಡೆಯುವುದಿಲ್ಲ. ಒಡೆಯದೆ ಉಳಿದ ಕೊಬ್ಬು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಮೆದುಳಿನಲ್ಲಿಯೂ ಸೇರಿಕೊಳ್ಳುತ್ತದೆ. ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆಯಿದೆ. ಈ ರೋಗದಲ್ಲಿ ಆ ಹೊದಿಕೆ ನಾಶವಾಗುತ್ತದೆ. ಹೊದಿಕೆ ಹೋದ ನರವು ಸಂದೇಶವನ್ನು ಒಯ್ಯಲಾರದು. ರೋಗದ ಅತಿ ಕಠಿನ ರೂಪವು ನಾಲ್ಕರಿಂದ ಹತ್ತು ವರ್ಷದ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ.

ದೋಷವಿರುವ ವಂಶವಾಹಿಯನ್ನು ಹೊತ್ತ ತಾಯಿಯಿಂದ ಪ್ರತಿಯೊಬ್ಬ ಮಗನಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ತಾಯಿಗೆ ತಾನು ಅದನ್ನು ಹೊತ್ತಿರುವುದೇ ತಿಳಿದಿರುವುದಿಲ್ಲ. ಮಗನ ರೋಗ ತನ್ನ ಮೂಲಕ ಬಂದಿತೆಂದು ಕೇಳಿದ ತಾಯಿಯ ಸಂಕಟವನ್ನು ಊಹಿಸಬಹುದು. ಆದರೆ ಇಲ್ಲಿ ಅಪರಾಧವೆಂಬುದು ಎಲ್ಲಿದೆ? ಜೈನಸಿದ್ಧಾಂತದಂತೆ ಕಷಾಯವೂ ಯೋಗವೂ ಸೇರಿದಾಗ ಕರ್ಮಬಂಧ. ತಿಳಿಯದೆ, ಬಯಸದೆ, ಮನೋವಾಕ್ಕಾಯಗಳಲ್ಲಿ ಒಂದರಿಂದಲೂ ಮಾಡದೆ ದೇಹದ ಕಣವೊಂದು ಹಾದುಹೋದುದಕ್ಕೆ ತಾಯಿಯನ್ನು ಪಾಪಿಯೆನ್ನಲು ಯಾವ ಶಾಸ್ತ್ರವೂ ಒಪ್ಪದು. ಪ್ರತಿ ಜೀವನೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ. ತಾಯಿಯ ದೇಹ ನಿಮಿತ್ತ ಮಾತ್ರ. ಕರ್ಮಸಿದ್ಧಾಂತವನ್ನು ಸರಿಯಾಗಿ ಅರಿತರೆ ಅದು ತಾಯಿಯ ತಲೆಯ ಮೇಲಿನ ಹೊರೆಯನ್ನು ಇಳಿಸುತ್ತದೆ, ಹೊರಿಸುವುದಿಲ್ಲ.

ಆರ್ತಧ್ಯಾನದಿಂದ ಸ್ವಾಧ್ಯಾಯಕ್ಕೆ

ಇಷ್ಟವಾದುದು ಅಗಲುವಾಗ, ಪೀಡೆ ಬಂದೊದಗಿದಾಗ ಮನಸ್ಸು ಅದನ್ನೇ ಮತ್ತೆ ಮತ್ತೆ ನೆನೆದು ಕೊರಗುವುದನ್ನು ಆಚಾರ್ಯರು ಆರ್ತಧ್ಯಾನವೆಂದು ಕರೆದಿದ್ದಾರೆ. ಗೃಹಸ್ಥನಿಗೆ ಅದನ್ನು ಪೂರ್ಣವಾಗಿ ಬಿಡುವುದು ಸುಲಭವಲ್ಲ. ಮಗುವಿನ ಆಯುಷ್ಯಕ್ಕೆ ಎರಡು ವರ್ಷದ ಗಡಿ ಕೇಳಿದ ತಂದೆತಾಯಿ ಅಳದಿರುವರೆಂದು ನಿರೀಕ್ಷಿಸುವುದು ಕ್ರೌರ್ಯವೇ ಸರಿ. ಓಡೋನೆ ದಂಪತಿಗಳೂ ಅತ್ತಿರಬೇಕು. ಆದರೆ ಅವರು ಅಳುವಿನಲ್ಲಿಯೇ ನಿಲ್ಲಲಿಲ್ಲ.

ಇಬ್ಬರಿಗೂ ವೈದ್ಯಶಾಸ್ತ್ರದ ಶಿಕ್ಷಣವಿರಲಿಲ್ಲ. ಆದರೂ ವಾಷಿಂಗ್ಟನ್ನಿನ ಸಮೀಪದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಿ ಕುಳಿತರು. ಜೀವರಸಾಯನದ ಪುಸ್ತಕಗಳನ್ನೂ ಸಂಶೋಧನ ಲೇಖನಗಳನ್ನೂ ಮೊದಲಿನಿಂದ ಓದತೊಡಗಿದರು. ಅರ್ಥವಾಗದ ಪದವನ್ನು ಬರೆದುಕೊಂಡು ಬಲ್ಲವರನ್ನು ಕೇಳಿದರು. ಬೇರೆ ಬೇರೆ ಊರುಗಳಲ್ಲಿ ಈ ರೋಗದ ಮೇಲೆ ಬಿಡಿಬಿಡಿಯಾಗಿ ಕೆಲಸಮಾಡುತ್ತಿದ್ದ ವಿಜ್ಞಾನಿಗಳು ಒಂದೆಡೆ ಕುಳಿತು ಮಾತನಾಡುವಂತೆ ಗೋಷ್ಠಿ ಏರ್ಪಡಿಸಲು ಶ್ರಮಿಸಿದರು.

ಆರು ಅಂತರಂಗ ತಪಗಳಲ್ಲಿ ಸ್ವಾಧ್ಯಾಯವೂ ಒಂದು. ಓದುವುದು, ಸಂದೇಹ ಕೇಳುವುದು, ಮನನ ಮಾಡುವುದು, ಪಾಠವನ್ನು ಶುದ್ಧವಾಗಿ ಆವರ್ತಿಸುವುದು, ತಿಳಿದುದನ್ನು ಇತರರಿಗೆ ಹೇಳುವುದು ಎಂದು ಅದಕ್ಕೆ ಐದು ಅಂಗಗಳು. ಶಾಸ್ತ್ರಕಾರರು ಹೇಳಿದುದು ಆತ್ಮಹಿತದ ಓದನ್ನು ಕುರಿತು. ಲೌಕಿಕ ವಿದ್ಯೆಯನ್ನು ಅದಕ್ಕೆ ಸಮನೆನ್ನಲಾಗದು. ಆದರೂ ಕಲಿಯುವ ಕ್ರಮ ಒಂದೇ. ಶೋಕದಿಂದ ಚದುರಿದ ಮನಸ್ಸನ್ನು ಒಂದು ವಿಷಯದಲ್ಲಿ ನಿಲ್ಲಿಸುವ ಶಕ್ತಿ ಈ ಕ್ರಮಕ್ಕಿದೆಯೆಂಬುದನ್ನು ಆ ಗ್ರಂಥಾಲಯದ ದಿನಗಳು ತೋರಿಸಿಕೊಟ್ಟವು.

ಎರಡು ಕಾಲುವೆಯ ಕೆರೆ

ಬಸದಿಗಳಲ್ಲಿ ಆಸ್ರವ, ಸಂವರ, ನಿರ್ಜರೆಗಳನ್ನು ಬೋಧಿಸುವಾಗ ಕೆರೆಯ ದೃಷ್ಟಾಂತವನ್ನು ಹೇಳುವ ರೂಢಿಯಿದೆ. ಕಾಲುವೆಯಿಂದ ಕೆರೆಗೆ ನೀರು ಬರುವುದು ಆಸ್ರವ. ಕಾಲುವೆಯನ್ನು ಕಟ್ಟುವುದು ಸಂವರ. ಒಳಗೆ ನಿಂತ ನೀರನ್ನು ಮೊಗೆದು ಹೊರಹಾಕುವುದು, ಬಿಸಿಲಿಗೆ ಆರಿಸುವುದು ನಿರ್ಜರೆ. ಕಾಲುವೆ ಕಟ್ಟದೆ ಎಷ್ಟು ಮೊಗೆದರೂ ಕೆರೆ ಬರಿದಾಗದು.

ಲೊರೆಂಜೊನ ಚಿಕಿತ್ಸೆಯಲ್ಲಿ ಇದೇ ಪ್ರಶ್ನೆ ಎದುರಾಯಿತು. ರಕ್ತದಲ್ಲಿ ಹಾನಿಕರ ಕೊಬ್ಬು ಏರಿದೆ. ಆದ್ದರಿಂದ ಅದು ಇರುವ ಆಹಾರವನ್ನೆಲ್ಲ ಬಿಡಿಸಬೇಕೆಂದು ವೈದ್ಯರು ಪಥ್ಯವನ್ನು ವಿಧಿಸಿದ್ದರು. ತಾಯಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಆದರೂ ಕೊಬ್ಬಿನ ಮಟ್ಟ ಇಳಿಯಲಿಲ್ಲ. ಏಕೆ? ದಂಪತಿಗಳು ಓದಿ ಹುಡುಕಿದಾಗ ಕಾರಣ ತಿಳಿಯಿತು. ಆ ಕೊಬ್ಬಿನ ದೊಡ್ಡ ಭಾಗವು ಬಾಯಿಯಿಂದ ಬರುವುದಲ್ಲ. ಕಿರಿದಾದ ಕೊಬ್ಬಿನ ಆಮ್ಲಗಳನ್ನು ಉದ್ದವಾಗಿಸಿ ದೇಹವೇ ಅದನ್ನು ತಯಾರಿಸುತ್ತದೆ. ಹೊರಗಾಲುವೆಯನ್ನು ಕಟ್ಟಿದರೂ ಒಳಗಿನ ಬುಗ್ಗೆ ಹರಿಯುತ್ತಲೇ ಇತ್ತು.

ಒಳಗಿನದನ್ನು ಕಟ್ಟುವುದು ಹೇಗೆ? ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಒಲೀಯಿಕ್ ಆಮ್ಲವನ್ನು ರೋಗಿಗಳ ಜೀವಕೋಶಗಳಿಗೆ ಬೆರೆಸಿದಾಗ ಹಾನಿಕರ ಕೊಬ್ಬಿನ ಉತ್ಪತ್ತಿ ತಗ್ಗಿತೆಂಬ ಪ್ರಯೋಗವೊಂದು ಅವರ ಕಣ್ಣಿಗೆ ಬಿತ್ತು. ಎರಡು ಬಗೆಯ ಕೊಬ್ಬುಗಳನ್ನು ಉದ್ದಮಾಡುವ ಕಿಣ್ವ ಒಂದೇ. ನಿರಪಾಯಕಾರಿಯಾದ ಕೊಬ್ಬನ್ನು ಅದರ ಕೈಗೆ ಧಾರಾಳವಾಗಿ ಕೊಟ್ಟರೆ, ಅದು ಆ ಕೆಲಸದಲ್ಲಿಯೇ ತೊಡಗಿ ಹಾನಿಕರವಾದುದನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಈ ಎಣ್ಣೆಯಿಂದ ಲೊರೆಂಜೊನ ರಕ್ತದಲ್ಲಿನ ಮಟ್ಟ ಗಣನೀಯವಾಗಿ ಇಳಿದು, ಬಳಿಕ ಅಲ್ಲಿಯೇ ನಿಂತಿತು. ಇನ್ನಷ್ಟು ಇಳಿಸಲು ಎರೂಸಿಕ್ ಎಂಬ ಇನ್ನೊಂದು ಆಮ್ಲ ಬೇಕಾಗಿತ್ತು. ಉತ್ತರ ಭಾರತದ ಅಡುಗೆಮನೆಗಳ ಸಾಸಿವೆ ಎಣ್ಣೆಯಲ್ಲಿ ಇರುವುದು ಇದೇ ಆಮ್ಲ. ಇಲಿಗಳಲ್ಲಿ ಅದು ಹೃದಯಕ್ಕೆ ಕೆಡುಕುಮಾಡಿದ ವರದಿಗಳಿದ್ದುದರಿಂದ ಮನುಷ್ಯರಿಗೆ ಕೊಡಲು ಹಿಂಜರಿಕೆಯಿತ್ತು. ಇಂಗ್ಲೆಂಡಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಡಾನ್ ಸಡ್ಡಬಿ ಎಂಬ ರಸಾಯನಶಾಸ್ತ್ರಜ್ಞರು ತಿಂಗಳುಗಟ್ಟಲೆ ಶ್ರಮಪಟ್ಟು ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಕೊಟ್ಟರು. ಮಗುವಿಗೆ ಕೊಡುವ ಮೊದಲು, ಅದೇ ವಂಶವಾಹಿಯನ್ನು ಹೊತ್ತಿದ್ದ ಮಿಕೇಲಾ ಅವರ ಸೋದರಿ ತಾನೇ ಸೇವಿಸಿ ಪರೀಕ್ಷೆಗೆ ಒಡ್ಡಿಕೊಂಡರು. ನಾಲ್ಕು ಪಾಲು ಒಲೀಯಿಕ್, ಒಂದು ಪಾಲು ಎರೂಸಿಕ್ ಸೇರಿದ ಈ ಮಿಶ್ರಣವೇ ಮುಂದೆ ‘ಲೊರೆಂಜೊ ಎಣ್ಣೆ’ ಎಂದು ಹೆಸರಾಯಿತು. ಅದನ್ನು ಕೊಟ್ಟ ಮೇಲೆ ಹಾನಿಕರ ಕೊಬ್ಬಿನ ಮಟ್ಟ ಆರೋಗ್ಯವಂತರ ಮಟ್ಟಕ್ಕೆ ಇಳಿಯಿತು. ಒಳಗಿನ ಬುಗ್ಗೆಯೂ ಕಟ್ಟಿತ್ತು.

ಇದು ಪ್ರಯೋಗಶಾಲೆಯಲ್ಲಿ ಶುದ್ಧೀಕರಿಸಿದ ಔಷಧರೂಪದ ಎಣ್ಣೆ. ಅಂಗಡಿಯ ಸಾಸಿವೆ ಎಣ್ಣೆಯನ್ನಾಗಲಿ ಆಲಿವ್ ಎಣ್ಣೆಯನ್ನಾಗಲಿ ಮಗುವಿಗೆ ಕುಡಿಸುವುದು ಇದಕ್ಕೆ ಬದಲಿಯಾಗದು. ಈ ಎಚ್ಚರ ಅಗತ್ಯ.

ಎಣ್ಣೆ ಮಾಡಿದುದು, ಮಾಡದೆ ಉಳಿದುದು

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಪವಾಡದಂತೆ ಕೇಳಿಸುತ್ತದೆ. 1992ರಲ್ಲಿ ಇದೇ ಹೆಸರಿನ ಚಲನಚಿತ್ರ ಬಂದಾಗ ಅನೇಕರು ಹಾಗೆಯೇ ತಿಳಿದರು. ಸತ್ಯ ಅದಕ್ಕಿಂತ ಕಠಿನವಾದುದು. ಎಣ್ಣೆ ಸಿದ್ಧವಾಗುವ ಹೊತ್ತಿಗೆ ಲೊರೆಂಜೊನ ಮೆದುಳಿನ ಹೊದಿಕೆ ಬಹುಪಾಲು ನಾಶವಾಗಿತ್ತು. ಅವನು ಮತ್ತೆ ನಡೆಯಲಿಲ್ಲ, ಮಾತನಾಡಲಿಲ್ಲ. ಎಂಜಲನ್ನು ನುಂಗಲೂ ಆಗುತ್ತಿರಲಿಲ್ಲ. ಎಣ್ಣೆಯು ಹೊಸ ಕೊಬ್ಬು ಸೇರುವುದನ್ನು ತಡೆಯಿತು. ಆಗಿಹೋದ ಹಾನಿಯನ್ನು ತುಂಬಿಕೊಡಲಿಲ್ಲ. ಕೆರೆಯ ದೃಷ್ಟಾಂತದಲ್ಲಿ ಹೇಳುವುದಾದರೆ ಸಂವರವಾಯಿತು. ಹಿಂದೆಯೇ ಕಟ್ಟಿಕೊಂಡುದನ್ನು ಅನುಭವಿಸಿಯೇ ಕಳೆಯಬೇಕಾಯಿತು.

ಹಾಗಾದರೆ ಎಣ್ಣೆ ವ್ಯರ್ಥವೇ? ಈ ಪ್ರಶ್ನೆಯ ಮೇಲೆ ತಂದೆತಾಯಿಗಳಿಗೂ ವಿಜ್ಞಾನಿಗಳಿಗೂ ವರ್ಷಗಟ್ಟಲೆ ಭಿನ್ನಾಭಿಪ್ರಾಯವಿತ್ತು. ಎ.ಎಲ್.ಡಿ. ರೋಗದ ದೊಡ್ಡ ತಜ್ಞರಾಗಿದ್ದ ಡಾ. ಹ್ಯೂಗೋ ಮೋಸರ್ ಅವರು ಪುರಾವೆಯಿಲ್ಲದೆ ಯಾವುದನ್ನೂ ಔಷಧವೆನ್ನಲು ಒಪ್ಪಲಿಲ್ಲ. ‘ನಮ್ಮ ಮಗನಿಗೆ ಕಾಯುವಷ್ಟು ಕಾಲವಿಲ್ಲ’ ಎಂಬುದು ಹೆತ್ತವರ ನೋವು. ‘ಇಂದು ಅವಸರಪಟ್ಟರೆ ನಾಳೆ ನೂರು ಮಕ್ಕಳಿಗೆ ಕೆಡುಕಾದೀತು’ ಎಂಬುದು ವೈದ್ಯರ ಹೊಣೆ. ಅನೇಕಾಂತದೃಷ್ಟಿಯಿಂದ ನೋಡಿದರೆ ಎರಡೂ ಒಂದೊಂದು ನಯದಿಂದ ಸತ್ಯವೇ. ತನ್ನ ನಯವೊಂದೇ ಪೂರ್ಣಸತ್ಯವೆಂದು ಹಟ ಹಿಡಿದಾಗ ಮಾತ್ರ ಅದು ದುರ್ನಯವಾಗುತ್ತದೆ.

ಎರಡೂ ಕಡೆಯವರು ಕೆಲಸವನ್ನು ಬಿಡಲಿಲ್ಲವೆಂಬುದೇ ಇಲ್ಲಿನ ಹಿರಿಮೆ. ಎಣ್ಣೆಯನ್ನು ಸಂದೇಹದಿಂದ ಕಂಡಿದ್ದ ಮೋಸರ್ ಅವರೇ ಅದನ್ನು ತಾಳ್ಮೆಯಿಂದ ಪರೀಕ್ಷಿಸಿದರು. ವಂಶವಾಹಿಯ ದೋಷವಿದ್ದರೂ ಇನ್ನೂ ರೋಗಲಕ್ಷಣ ಕಾಣಿಸದ 89 ಬಾಲಕರಿಗೆ ಎಣ್ಣೆ ಕೊಟ್ಟು, ಸರಾಸರಿ ಸುಮಾರು ಏಳು ವರ್ಷ ಗಮನಿಸಿ, 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೊಬ್ಬಿನ ಮಟ್ಟವನ್ನು ಇಳಿಸಿಕೊಂಡ ಬಾಲಕರಲ್ಲಿ ರೋಗ ತಲೆದೋರುವ ಅಪಾಯ ಕಡಿಮೆಯಾಗಿತ್ತು. ಹೋಲಿಕೆಗೆ ಎಣ್ಣೆ ಕೊಡದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಕೊನೆಯ ತೀರ್ಪೆನ್ನಲಾಗದು. ಆದರೆ ಲಕ್ಷಣ ಕಾಣುವ ಮೊದಲೇ ಎಚ್ಚರವಾಗಬೇಕೆಂಬ ಪಾಠ ಅದರಲ್ಲಿತ್ತು. ರೋಗ ಬೇರೂರಿದವರಿಗೆ ಎಣ್ಣೆಯಿಂದ ಪ್ರಯೋಜನ ಕಾಣಲಿಲ್ಲವೆಂಬುದನ್ನೂ ಬೇರೆ ಅಧ್ಯಯನಗಳು ತಿಳಿಸಿದವು. ‘ಒಂದು ದೃಷ್ಟಿಯಿಂದ ಉಂಟು, ಒಂದು ದೃಷ್ಟಿಯಿಂದ ಇಲ್ಲ’ ಎಂಬ ಸ್ಯಾದ್ವಾದದ ಭಾಷೆಯಲ್ಲಿ ಅಲ್ಲದೆ ಈ ಎಣ್ಣೆಯ ವಿಷಯವನ್ನು ಪ್ರಾಮಾಣಿಕವಾಗಿ ಹೇಳಲಾಗದು.

ಮುಚ್ಚಿದ ಸೂರ್ಯ

ನೋಡಲಾರದ, ನುಡಿಯಲಾರದ, ಕೈಕಾಲು ಆಡಿಸಲಾರದ ಮಗುವಿನ ಬದುಕನ್ನು ಉಳಿಸುವುದಾದರೂ ಏತಕ್ಕೆ? ಇಂಥ ಮನೆಗಳು ಕೇಳಬೇಕಾಗುವ ಪ್ರಶ್ನೆಗಳಲ್ಲಿ ಇದೇ ಅತ್ಯಂತ ಕ್ರೂರವಾದುದು. ಕೆಲವೊಮ್ಮೆ ಹೊರಗಿನವರು ಕೇಳುತ್ತಾರೆ. ಕೆಲವೊಮ್ಮೆ ನಡುರಾತ್ರಿ ಹೆತ್ತವರ ಮನಸ್ಸೇ ಕೇಳುತ್ತದೆ.

ಜೈನದರ್ಶನ ಇದಕ್ಕೆ ಸಂದೇಹವಿಲ್ಲದ ಉತ್ತರವನ್ನು ಕೊಟ್ಟಿದೆ. ಜೀವದ ಲಕ್ಷಣ ಉಪಯೋಗ, ಎಂದರೆ ಚೈತನ್ಯದ ವ್ಯಾಪಾರ. ಇಂದ್ರಿಯಗಳು ಅದರ ಕಿಟಕಿಗಳು ಮಾತ್ರ. ಜ್ಞಾನಾವರಣೀಯ, ದರ್ಶನಾವರಣೀಯ ಕರ್ಮಗಳು ಮೋಡದಂತೆ ಜ್ಞಾನಸೂರ್ಯನನ್ನು ಮುಚ್ಚಬಲ್ಲವು, ಸೂರ್ಯನನ್ನೇ ಇಲ್ಲವಾಗಿಸಲಾರವು. ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು ಅತ್ಯಂತ ಕೆಳಗಿನ ನಿಗೋದ ಜೀವದಲ್ಲಿಯೂ ಜ್ಞಾನದ ಒಂದು ಅಂಶ ಎಂದಿಗೂ ಮುಚ್ಚದೆ ತೆರೆದಿರುತ್ತದೆಂದು ಸಾರುತ್ತದೆ. ಏಕೇಂದ್ರಿಯ ಜೀವಿಗೂ ನೋವಾಗದಂತೆ ನಡೆಯಬೇಕೆನ್ನುವ ಧರ್ಮವು ಹಾಸಿಗೆಯಲ್ಲಿ ಮಲಗಿದ ಪಂಚೇಂದ್ರಿಯ ಮನುಷ್ಯಜೀವದ ಬೆಲೆಯನ್ನು ಅಳೆಯಲು ಕುಳಿತೀತೇ?

ಮಿಕೇಲಾ ಅವರು ಈ ಸತ್ಯವನ್ನು ತಾಯಿಯ ಹೃದಯದಿಂದ ಅರಿತಿದ್ದರು. ಮಗನು ಒಳಗಿದ್ದಾನೆ, ಎಲ್ಲವನ್ನೂ ಕೇಳುತ್ತಿದ್ದಾನೆ ಎಂಬ ನಂಬಿಕೆಯಿಂದ ಅವನಿಗೆ ಕಥೆ ಓದಿದರು, ಸಂಗೀತ ಕೇಳಿಸಿದರು, ಮಾತನಾಡಿಸಿದರು. ಕಾಲಕ್ರಮದಲ್ಲಿ ಲೊರೆಂಜೊ ಕಣ್ಣೆವೆಯನ್ನು ಬಡಿದು, ಬೆರಳನ್ನು ಆಡಿಸಿ ‘ಹೌದು’, ‘ಅಲ್ಲ’ ಎಂದು ತಿಳಿಸತೊಡಗಿದನು. ಮೋಡದ ಸಂದಿಯಿಂದ ಬೆಳಕಿನ ಒಂದು ಎಳೆ ಬಂದಂತೆ ಅದು.

ಹಗಲಿರುಳು ಯಾರಾದರೊಬ್ಬರು ಪಕ್ಕದಲ್ಲಿರಬೇಕಾಗಿತ್ತು. ಉಸಿರುಗಟ್ಟದಂತೆ ಗಂಟಲಿನ ಎಂಜಲನ್ನು ಯಂತ್ರದಿಂದ ಮತ್ತೆ ಮತ್ತೆ ಹೀರಿ ತೆಗೆಯಬೇಕು. ಕೊಳವೆಯಿಂದ ಆಹಾರ ಕೊಡಬೇಕು. ಮಗ್ಗುಲು ಬದಲಿಸಬೇಕು, ಮೈ ಶುಚಿಮಾಡಬೇಕು. ಕೊಮೊರೋಸ್‌ನ ದಿನಗಳಲ್ಲಿ ಬಾಲಕನ ಗೆಳೆಯನಾಗಿದ್ದ ತರುಣನೊಬ್ಬನು ಕಡಲು ದಾಟಿ ಬಂದು ಆ ಮನೆಯಲ್ಲಿಯೇ ನಿಂತು ಶುಶ್ರೂಷೆಗೆ ಹೆಗಲು ಕೊಟ್ಟನು. ಭಾಷೆ, ದೇಶ, ಮತ ಯಾವುದೂ ಒಂದಲ್ಲ, ಸ್ನೇಹ ಒಂದೇ. ಜೀವಗಳು ಪರಸ್ಪರ ಉಪಕಾರಕ್ಕೆ ಎಂಬ ಜಿನವಾಣಿಗೆ ಇದಕ್ಕಿಂತ ಬೇರೆ ಭಾಷ್ಯ ಬೇಕಿಲ್ಲ.

ವೈಯಾವೃತ್ಯವು ಅಂತರಂಗ ತಪಗಳಲ್ಲಿ ಒಂದು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿಯೂ ಅದು ಸೇರಿದೆ. ಶಾಸ್ತ್ರದಲ್ಲಿ ಅದು ಮುಖ್ಯವಾಗಿ ರೋಗಪೀಡಿತ ಮುನಿಗಳೇ ಮೊದಲಾದವರ ಸೇವೆಯನ್ನು ಹೇಳುವ ಶಬ್ದ. ಮುನಿಯ ವಾಂತಿಯನ್ನು ಅಸಹ್ಯಪಡದೆ ಕೈಯಿಂದ ತೊಳೆದ ಉದ್ದಾಯನ ರಾಜನ ಕಥೆಯನ್ನು ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾಗಿ ಶ್ರಾವಕರ ಮನೆಯ ಮಕ್ಕಳೆಲ್ಲ ಕೇಳಿರುತ್ತಾರೆ. ಆ ಕಥೆ ಕೇಳಿ ಬೆಳೆದವನಿಗೆ ತನ್ನ ಮನೆಯ ರೋಗಿಯ ಹಾಸಿಗೆ ಒಗೆಯುವುದು ಕೀಳು ಕೆಲಸವೆನಿಸಬಾರದು. ಅದು ಅನುಕಂಪೆ, ಸಮತೆಯಿಂದ ಮಾಡಿದರೆ ತಪಕ್ಕೆ ಹತ್ತಿರವಾದುದು.

ಕರ್ಮವನ್ನು ನಂಬಿದವಳ ಪುರುಷಾರ್ಥ

‘ಕರ್ಮವಿದ್ದಂತೆ ಆಗುತ್ತದೆ’ ಎಂದು ಕೈಕಟ್ಟಿ ಕುಳಿತುಕೊಳ್ಳುವವರಿಗೆ ಮೈನಾಸುಂದರಿಯ ಕಥೆಯೇ ಉತ್ತರ. ಸುಖದುಃಖಗಳು ಅವರವರ ಕರ್ಮದಿಂದ ಎಂದು ತಂದೆಯ ಎದುರು ನುಡಿದುದಕ್ಕಾಗಿ ಕುಷ್ಠರೋಗಿಯಾದ ಶ್ರೀಪಾಲನಿಗೆ ಮದುವೆಯಾದವಳು ಅವಳು. ಕರ್ಮದಲ್ಲಿ ಅವಳಿಗಿಂತ ದೃಢವಾದ ನಂಬಿಕೆ ಯಾರಿಗಿದೆ? ಆದರೂ ಅವಳು ‘ಇವರ ಕರ್ಮ, ಇವರು ಅನುಭವಿಸಲಿ’ ಎನ್ನಲಿಲ್ಲ. ಪತಿಯ ಶುಶ್ರೂಷೆಗೆ ನಿಂತಳು, ಸಿದ್ಧಚಕ್ರವನ್ನು ಆರಾಧಿಸಿದಳು, ಗಂಧೋದಕವನ್ನು ಪತಿಗೂ ಅವನ ಏಳುನೂರು ಜನ ಸಂಗಡಿಗರಿಗೂ ಸಿಂಪಡಿಸಿದಳು. ತನ್ನವನೊಬ್ಬನಿಗೆ ಮಾತ್ರವಲ್ಲ, ಏಳುನೂರು ಜನರಿಗೂ ಎಂಬುದು ಗಮನಿಸಬೇಕಾದ ಅಂಶ.

ಕಟ್ಟಿದ ಕರ್ಮವೆಲ್ಲ ಕಟ್ಟಿದಂತೆಯೇ ಫಲ ಕೊಡುತ್ತದೆಂಬುದು ಜೈನಸಿದ್ಧಾಂತವಲ್ಲ. ಪರಿಣಾಮಗಳ ಬಲದಿಂದ ಕರ್ಮದ ಸ್ಥಿತಿ ಮತ್ತು ಅನುಭಾಗಗಳು ಏರುವುದೂ ಇಳಿಯುವುದೂ ಉಂಟು. ಅಸಾತೆಯು ಸಾತೆಯಾಗಿ ಸಂಕ್ರಮಿಸುವುದೂ ಉಂಟು. ನಿಕಾಚಿತವಾದುದು ಮಾತ್ರ ಅನುಭವಿಸಿದ ಹೊರತು ಬಿಡದು. ಯಾವುದು ನಿಕಾಚಿತ, ಯಾವುದು ಅಲ್ಲ ಎಂಬುದನ್ನು ಕೇವಲಜ್ಞಾನಿಯೇ ಬಲ್ಲನು. ಅಲ್ಪಜ್ಞನಾದ ಗೃಹಸ್ಥನಿಗೆ ಉಳಿದಿರುವುದು ಪುರುಷಾರ್ಥ. ಆಚಾರ್ಯರು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ವಿಧಿಸಿದುದೂ, ಉಗ್ರಾದಿತ್ಯಾಚಾರ್ಯರು ಮದ್ಯಮಾಂಸಗಳನ್ನು ಬಳಸದ ಚಿಕಿತ್ಸೆಗಾಗಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದುದೂ ಇದೇ ಕಾರಣದಿಂದ. ಔಷಧದಿಂದ ಏನೂ ಆಗದೆಂದಿದ್ದರೆ ಆ ದಾನಕ್ಕೂ ಆ ಗ್ರಂಥಕ್ಕೂ ಅರ್ಥವೇ ಇರುತ್ತಿರಲಿಲ್ಲ.

ಓಡೋನೆ ದಂಪತಿಗಳ ಪುರುಷಾರ್ಥವೂ ತಮ್ಮ ಮಗನ ಹಾಸಿಗೆಯ ಬಳಿಯೇ ಮುಗಿಯಲಿಲ್ಲ. 1989ರಲ್ಲಿ ಅವರು ‘ಮೈಲಿನ್ ಪ್ರಾಜೆಕ್ಟ್’ ಎಂಬ ಸಂಸ್ಥೆಯನ್ನು ಕಟ್ಟಿ, ನಾಶವಾದ ನರಹೊದಿಕೆಯನ್ನು ಮರಳಿ ಬೆಳೆಸುವ ಸಂಶೋಧನೆಗೆ ಧನ ಕೂಡಿಸಿದರು. ಅದರ ಫಲ ಲೊರೆಂಜೊಗೆ ದಕ್ಕುವುದೆಂಬ ಖಾತರಿ ಇರಲಿಲ್ಲ; ಇತರರ ಮಕ್ಕಳಿಗಾದರೂ ದಕ್ಕಲಿ ಎಂಬುದಿತ್ತು. ಇಂದು ಅಮೆರಿಕದ ಬಹುಭಾಗದಲ್ಲಿ ಹುಟ್ಟಿದ ಕೂಸಿನ ಹಿಮ್ಮಡಿಯ ಒಂದು ಹನಿ ರಕ್ತದಿಂದ ಈ ದೋಷವನ್ನು ಕಂಡುಹಿಡಿಯುತ್ತಾರೆ. 2013ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಆರಂಭಿಸಿತು. ಬೇಗ ತಿಳಿದರೆ ಅಡ್ರಿನಲ್ ಕೊರತೆಗೆ ಔಷಧ ಕೊಟ್ಟು ಪ್ರಾಣವನ್ನು ಉಳಿಸಬಹುದು. ಮೆದುಳಿಗೆ ರೋಗ ತಗುಲಿದ ಆರಂಭದಲ್ಲಿಯೇ ಆಕರಕೋಶಗಳ ಕಸಿ ಮಾಡಬಹುದು. ಒಂದು ವಂಶವಾಹಿ ಚಿಕಿತ್ಸೆಗೆ 2022ರಲ್ಲಿ ಅಮೆರಿಕ ಅನುಮತಿ ನೀಡಿತು. ಅದರಲ್ಲಿಯೂ ಅಪಾಯಗಳಿವೆ, ಸಂಶೋಧನೆ ಮುಂದುವರಿದಿದೆ.

ಮಿಕೇಲಾ ಅವರು 2000ದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮಗನ ಹೊಣೆ ತಂದೆಯ ಮೇಲೆ ಬಿದ್ದಿತು. ಎರಡು ವರ್ಷ ಎಂದು ಎಣಿಸಿದ್ದ ಲೊರೆಂಜೊ ರೋಗ ತಿಳಿದ ಮೇಲೆ ಇಪ್ಪತ್ತನಾಲ್ಕು ವರ್ಷ ಬದುಕಿದನು. 2008ರ ಮೇ 30ರಂದು, ಮೂವತ್ತು ತುಂಬಿದ ಮರುದಿನ, ಅವನ ಉಸಿರು ನಿಂತಿತು. ತಂದೆ ಇಟಲಿಗೆ ಮರಳಿ 2013ರಲ್ಲಿ ಕಾಲವಾದರು. ಮರಣದ ಎದುರು ಯಾರೂ ಶರಣಿಲ್ಲವೆಂಬ ಅಶರಣಾನುಪ್ರೇಕ್ಷೆ ಅವರಿಗೂ ಸುಳ್ಳಾಗಲಿಲ್ಲ. ಆದರೆ ಮರಣ ಬರುವವರೆಗೆ ಆ ಮಗು ಒಂದು ದಿನವೂ ಅನಾಥನಾಗಿರಲಿಲ್ಲ.

ಶ್ರಾವಕರು ಮಾಡಬಹುದಾದುದು

ವಿರಳ ರೋಗವೆಂಬುದು ದೂರದೇಶದ ಮಾತಲ್ಲ. ಎ.ಎಲ್.ಡಿ.ಯೊಂದೇ ಸುಮಾರು 17 ಸಾವಿರ ಜನನಗಳಿಗೆ ಒಂದರಂತೆ ಕಾಣಿಸುತ್ತದೆ. ಇಂಥ ಸಾವಿರಾರು ರೋಗಗಳಿವೆ. ಕೆಲವು ವಂಶಪಾರಂಪರ್ಯ ರೋಗಗಳ ಸಂಭವವು ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಸೋದರಮಾವ, ಅತ್ತೆಯ ಮಗ ಎಂಬ ಸಂಬಂಧಗಳನ್ನು ಬೆಳೆಸುವ ಮನೆಗಳು ಮದುವೆಗೆ ಮೊದಲು ವಂಶವಾಹಿ ತಜ್ಞರ ಸಲಹೆಯನ್ನು ಪಡೆಯುವುದು ಒಳಿತು. ಜಾತಕ ತೋರಿಸಲು ಸಂಕೋಚಪಡದವರು ಇದಕ್ಕೂ ಸಂಕೋಚಪಡಬೇಕಿಲ್ಲ.

ಭಾರತ ಸರ್ಕಾರವು 2021ರಲ್ಲಿ ವಿರಳ ರೋಗಗಳಿಗಾಗಿ ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. ಅದರಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿವೆ. ನೀತಿಯ ವ್ಯಾಪ್ತಿಗೆ ಬರುವ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶ ಕಲ್ಪಿಸಲಾಗಿದೆ. ಈ ಸುದ್ದಿಯನ್ನು ಹಳ್ಳಿಯ ಬಡ ತಂದೆತಾಯಿಗೆ ತಲಪಿಸಿ, ಅರ್ಜಿ ಬರೆದುಕೊಟ್ಟು, ಜೊತೆಯಲ್ಲಿ ಒಂದು ದಿನ ಬೆಂಗಳೂರಿಗೆ ಹೋಗಿಬರುವುದು ಏಕಕಾಲಕ್ಕೆ ಜ್ಞಾನದಾನವೂ ಔಷಧದಾನವೂ ಅಭಯದಾನವೂ ಆಗುತ್ತದೆ.

ಅಷ್ಟು ಸಾಧ್ಯವಾಗದವರಿಗೆ ಚಿಕ್ಕ ಕೆಲಸಗಳಿವೆ. ರೋಗಿಯಿರುವ ಮನೆಯ ತಾಯಿ ಎಷ್ಟೋ ವರ್ಷಗಳಿಂದ ಒಂದು ರಾತ್ರಿಯೂ ಪೂರ್ಣ ನಿದ್ರಿಸಿರುವುದಿಲ್ಲ. ಒಂದು ದಿನ ಮಗುವಿನ ಬಳಿ ಕುಳಿತು ಆಕೆಯನ್ನು ಬಸದಿಗೆ ಕಳುಹಿಸಬಹುದು. ಸೂರ್ಯಾಸ್ತಕ್ಕೆ ಮೊದಲು ಅಡುಗೆ ಮಾಡಿ ತಲಪಿಸಬಹುದು. ಆರೋಗ್ಯವಾಗಿರುವ ಇನ್ನೊಂದು ಮಗುವನ್ನು ತಮ್ಮ ಮಕ್ಕಳೊಡನೆ ಕರೆದೊಯ್ದು ಪಾಠ ಹೇಳಿಕೊಡಬಹುದು. ರೋಗಿ ಮಗುವನ್ನು ಹೆಸರು ಹಿಡಿದು ಮಾತನಾಡಿಸಬಹುದು. ಉತ್ತರ ಬಾರದಿದ್ದರೂ ಕೇಳುವ ಜೀವ ಅಲ್ಲಿದೆ. ‘ಯಾರ ಕಡೆಯಿಂದ ಬಂತು’ ಎಂದು ಕೇಳದಿರುವುದಕ್ಕಂತೂ ಯಾವ ಖರ್ಚೂ ಇಲ್ಲ.

ನಿತ್ಯಪೂಜೆಯ ಕೊನೆಯ ಶಾಂತಿಪಾಠದಲ್ಲಿ ಸಮಸ್ತ ಜನರಿಗೂ ಕ್ಷೇಮವಾಗಲಿ, ರೋಗಗಳು ನೀಗಲಿ ಎಂಬ ಹಾರೈಕೆಯಿದೆ. ಪ್ರತಿದಿನ ಅದನ್ನು ಹೇಳಿ ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಮನೆಗೆ ಮರಳುವ ದಾರಿಯಲ್ಲಿ ಅಂಥ ಒಂದು ಮನೆ ಇದ್ದೇ ಇರುತ್ತದೆ. ಅಲ್ಲಿ ಬಾಗಿಲು ತಟ್ಟಿ, ‘ಇವತ್ತು ಮಗು ಹೇಗಿದೆ ಅಮ್ಮಾ, ನನ್ನಿಂದ ಏನಾಗಬೇಕು?’ ಎಂದು ಕೇಳುವ ಶ್ರಾವಕನು ಬಸದಿಯಲ್ಲಿ ನುಡಿದ ಪಾಠವನ್ನು ಅಲ್ಲಿ ಪೂರ್ಣಗೊಳಿಸುತ್ತಾನೆ.